ನನ್ನೊಬ್ಬಳ ಹೆಸರಿನಲ್ಲಿ

ಅಲೆನ್, ಟೆಕ್ಸಾಸ್
9 ಅಕ್ಟೋಬರ್ 2016

ಮುದ್ದು ಶಕ್ಕೂ,

ಫೋನ್ ಬಿಟ್ಟು ಕಾಗದ ಬರೆಯುತ್ತಿದ್ದಾಳೆ, ಇವಳಿಗೇನು ಬಂತು ಎಂದು ನಗಬೇಡ. ಕಾಲೇಜಿನ ದಿನಗಳಿಂದ ನಿನ್ನ ಹತ್ತಿರ ಬಾಯಿ ಮುಚ್ಚದವಳು, ಈಗ ನಿನ್ನ ದನಿ ಕೇಳಿದರೆ ಮಾತೇ ಹೊರಡುವುದಿಲ್ಲ.

ನೀನು ಮೈಸೂರಿನಲ್ಲಿ ಹೊಲಿದು ಕಳಿಸಿದ ಉಡುಪು ತೊಟ್ಟು ಮೊನ್ನೆ ಹ್ಯೂಸ್ಟನ್ನಿನಲ್ಲಿ ನಮ್ಮ ಗಿರಾಕಿ ನಿಶಿತಾಳ ಭರತನಾಟ್ಯದ ರಂಗಪ್ರವೇಶ ಆಯಿತು. ಹುಡುಗಿ ಅರೆಮಂಡಿಗೆ ಕೂತಾಗ ಮುಂದಿನ ನಿರಿಗೆ ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿತು, ನೋಡಲು ನೀನಿರಬೇಕಿತ್ತು! ಅಲ್ಲೇ ಇನ್ನಿಬ್ಬರು ತಾಯಂದಿರು ಮಕ್ಕಳ ಅಳತೆ ಕೊಟ್ಟರು. ಅಳತೆ ತೆಗೆಯುವುದು ನಾನು, ಹೊಲಿಯುವುದು ನೀನು. ಕಂಪನಿ ಮಾತ್ರ ನನ್ನೊಬ್ಬಳದು.

“ಹೊರದೇಶದಲ್ಲಿರೋರನ್ನ ಇಲ್ಲಿನ ಕಾನೂನು ಪಾಲುದಾರರಾಗಿ ಒಪ್ಪಲ್ಲ ಕಣೇ” ಅಂದಿದ್ದೆನಲ್ಲ, ಅದು ಅರ್ಧ ಸತ್ಯ. ತೆರಿಗೆ ಲೆಕ್ಕ ನೋಡುವ ಚಂದ್ರಮೋಹನ ಅಂಕಲ್ ಎರಡು ದಾರಿ ಬಿಡಿಸಿ ಹೇಳಿದ್ದರು. ಎಲ್‌ಎಲ್‌ಸಿ ಎಂಬ ಬಗೆಯ ಕಂಪನಿ ಮಾಡಿದ್ದರೆ ನೀನು ಮೈಸೂರಿನಲ್ಲಿದ್ದುಕೊಂಡೇ ಅರ್ಧ ಒಡತಿಯಾಗಬಹುದಿತ್ತು. ಎಸ್ ಕಾರ್ಪೊರೇಷನ್ ಎಂಬ ಇನ್ನೊಂದು ಬಗೆಯದಾದರೆ ತೆರಿಗೆ ಸ್ವಲ್ಪ ಹಗುರ, ಆದರೆ ಅಮೆರಿಕದಲ್ಲಿ ನೆಲೆಸದ ವಿದೇಶಿಯರಿಗೆ ಅದರಲ್ಲಿ ಷೇರು ಕೊಡುವಂತಿಲ್ಲ. ನಿನಗೆ ಜಾಗವಿಲ್ಲದ್ದನ್ನೇ ನಾವು ಆರಿಸಿಕೊಂಡೆವು. ತೆರಿಗೆ ಎಂದರೆ ನನ್ನ ಗಂಡ ರಾಜಗೋಪಾಲ ಎಷ್ಟು ಹಟಮಾರಿ ಎಂದು ನಿನಗೆ ಗೊತ್ತಲ್ಲ. ಅವರ ಮಾತು ಮೀರಲು ಆಗಲಿಲ್ಲ.

ನೀನಾದರೂ ಜಗಳವಾಡಬಾರದಿತ್ತೇ? “ಕಾನೂನೇ ಹಂಗಿದ್ರೆ ನೀನೇನ್ ಮಾಡ್ತೀಯ? ನಿನ್ ಹೆಸ್ರಲ್ಲಿದ್ರೇನು, ನನ್ ಹೆಸ್ರಲ್ಲಿದ್ರೇನು” ಅಂದುಬಿಟ್ಟೆ. ಆವತ್ತಿನಿಂದ ನನಗೆ ಊಟ ಸೇರುತ್ತಿಲ್ಲ.

ಎಸ್ ಕಾರ್ಪೊರೇಷನ್ ಬಿಟ್ಟುಕೊಟ್ಟರೆ ಈಗಲೂ ನಿನಗೆ ಅರ್ಧ ಷೇರು ಕೊಡಬಹುದಂತೆ, ಅಂಕಲನ್ನು ಕೇಳಿದೆ. ಓಡಾಟವೆಲ್ಲ ನನ್ನದು. ನನ್ನ ಜೊತೆ ಸೇರಲು ನಿನಗೆ ಇನ್ನೂ ಮನಸ್ಸಿದ್ದರೆ ಒಂದು ಮಾತು ಹೇಳು.

ನಿನಗೆ ಮುಖ ತೋರಿಸಲಾರದ
ಇಂದು

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಪಾಪ, ರಾಜಗೋಪಾಲರ ಮೇಲೆ ಹಾಕಿದ್ದು ಶುದ್ಧ ಸುಳ್ಳು. “ಉಳಿಯೋ ತೆರಿಗೆ ಅಷ್ಟರಲ್ಲೇ ಇದೆ, ಶಕುಂತಲಾನ ಸೇರಿಸ್ಕೋ” ಅಂತ ಅವರು ಹೇಳುತ್ತಲೇ ಇದ್ದರು. ಈ ಊರಿನಲ್ಲಿ ನಾನು ರಾಜಗೋಪಾಲರ ಹೆಂಡತಿ, ಅಷ್ಟೇ. ಒಂದಾದರೂ ನನ್ನೊಬ್ಬಳ ಹೆಸರಿನಲ್ಲಿರಲಿ ಎಂದು ಆಸೆಪಟ್ಟವಳು ನಾನೇ ಶಕ್ಕೂ. ಮೊನ್ನೆ ನಿಶಿತಾಳ ಅಮ್ಮ ವೇದಿಕೆಯ ಮೇಲೆ, ಈ ಉಡುಪು ಹೊಲಿದವರು ಇಂದುಮತಿ ಎಂದರು. ನಾನು ಎದ್ದು ನಿಂತು ಕೈಮುಗಿದೆ.