ರೀಲುಗಳ ಮೇಲಿನ ಹೆಸರು

ಮಗನೇ,

ನಿಮ್ಮಪ್ಪನನ್ನು ಆಸ್ಪತ್ರೆಯಿಂದ ಕರೆತರಲು ಹೊರಟಿದ್ದೇನೆ. ಅವರು ಇನ್ನು ಏಳುವುದಿಲ್ಲವೆಂದು ನೀನೂ ನಿನ್ನಣ್ಣನೂ ಅವರ ಮೀನು ಹಿಡಿಯುವ ಗಾಳದ ರೀಲುಗಳನ್ನು ಹಂಚಿಕೊಂಡು, ಹೆಸರು ಬರೆದ ಟೇಪು ಅಂಟಿಸಿದಿರಲ್ಲ, ನಾವು ಬರುವಷ್ಟರಲ್ಲಿ ಅದರ ಗುರುತೂ ಇರಬಾರದು.

ತಿಂಡಿ ಮುಚ್ಚಿಟ್ಟಿದ್ದೇನೆ, ತಿಂದು ಕೈ ತೊಳೆದುಕೊಂಡೇ ಕೆಲಸಕ್ಕೆ ಕೂರು.

ಚಾಕುವಿನಿಂದ ಕೆರೆಯಬೇಡ. ಥಿನ್ನರ್ ಮುಟ್ಟಲೇಬೇಡ, ಹೊಳಪು ಹೋಗುತ್ತದೆ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ ಟೇಪು ಬಿಡಿಸು. ಉಳಿದ ಅಂಟಿಗೆ ಅಡುಗೆ ಎಣ್ಣೆ ಸವರಿ, ನೆನೆದ ಮೇಲೆ ಮೆತ್ತನೆಯ ಬಟ್ಟೆಯಿಂದ ಒರೆಸು. ಎಣ್ಣೆ ಒಳಗಿಳಿಯದಿರಲಿ.

ನಿನ್ನ ಹೆಂಡತಿ ನಿನ್ನೆಯೇ ಒಂದನ್ನು ಸದ್ದಿಲ್ಲದೆ ಒರೆಸಿಟ್ಟಿದ್ದಾಳೆ. ಅವಳಿಗಾದ ನಾಚಿಕೆ ನಿಮ್ಮಿಬ್ಬರಿಗೂ ಆಗಲಿಲ್ಲ.

ಬಂದ ಕೂಡಲೇ ಅವರು ರೀಲು ಕೈಗೆತ್ತಿಕೊಳ್ಳುತ್ತಾರೆ. ಇದೇನು ಅಂಟು ಎಂದು ಕೇಳಿದರೆ, ಈ ಸಲ ನಿನಗಾಗಿ ನಾನು ಸುಳ್ಳು ಹೇಳಲಾರೆ.

ಅಮ್ಮ