ಹನ್ನೆರಡು ಪದಗಳ ತಾಯಿತ

ಕಾನಹೊಸಹಳ್ಳಿ
ಭಾನುವಾರ, 7 ಜುಲೈ 2024

ಪ್ರೀತಿಯ ಭರತಣ್ಣನಿಗೆ ತಂಗಿ ಮಾಲಾಳ ನಮಸ್ಕಾರ.

ಹೇಗಿದ್ದೀಯ? ರತ್ನಗಿರಿಯ ಮಳೆಯಲ್ಲಿ ಜೆಸಿಬಿ ಓಡಿಸಿ ನೆಗಡಿ ಹಿಡಿದಿತ್ತಲ್ಲ, ಬಿಟ್ಟಿತೇ? ಅವ್ವನೂ ನಾನೂ ಚೆನ್ನಾಗಿದ್ದೇವೆ. ಹೊಲಿಗೆ ಮಿಷನ್ನಿಗೆ ಬಿಡುವಿಲ್ಲ. ಫೋನು ಮಾಡಿದರೆ ಅವ್ವ ಪಕ್ಕದಲ್ಲೇ ಕೂತಿರುತ್ತಾಳೆ, ಅದಕ್ಕೇ ಈ ಪತ್ರ. ಐದನೇ ಕ್ಲಾಸಿನವಳ ಬರಹ, ನಗಬೇಡ.

ನೀನು ಬಿಟ್‌ಕಾಯಿನ್ ಮಾರಿದ್ದಕ್ಕೆ ಬಂತೆಂದು ಕಳಿಸಿದ ಆದಾಯ ತೆರಿಗೆ ನೋಟಿಸಿನ ಫೋಟೋ ಹಿಡಿದುಕೊಂಡು ಕೂಡ್ಲಿಗಿಗೆ ಹೋಗಿದ್ದೆ. ಅಲ್ಲಿ ರಿಟರ್ನ್ಸ್ ತುಂಬಿಕೊಡುವ ಪುಷ್ಪಲತಾ ಮೇಡಂ ಇದ್ದಾರೆ. ನಾಚಿಕೆಯಾಗಿ ಮೂರು ಸಲ ಬಾಗಿಲ ತನಕ ಹೋಗಿ ವಾಪಸು ಬಂದೆ. ನಾಲ್ಕನೇ ಸಲ ಅವರೇ ಕರೆದರು. ಬಿಟ್‌ಕಾಯಿನ್ ಇಟ್ಟುಕೊಳ್ಳುವುದು ಅಪರಾಧವಲ್ಲವಂತೆ. ಮಾರಿ ಬಂದ ಲಾಭದಲ್ಲಿ ನೂರಕ್ಕೆ ಮೂವತ್ತು ಸರ್ಕಾರಕ್ಕೆ ಕಟ್ಟಬೇಕು, ಮಾರಿದ್ದನ್ನೆಲ್ಲ ಈ ತಿಂಗಳು ಮುಗಿಯುವುದರೊಳಗೆ ತೋರಿಸಬೇಕು, ಮುಚ್ಚಿಟ್ಟರೆ ದಂಡ. “ತೋರಿಸಿದವ್ರಿಗೆ ಹೆದರಿಕಿ ಯಾಕವ್ವಾ?” ಎಂದರು. ನನಗೆ ಜೀವ ಬಂದಂತಾಯಿತು.

ಮಾರಿದ ವಿವರವೆಲ್ಲ ನೀರಿಗೆ ಬಿದ್ದ ನಿನ್ನ ಹಳೆಯ ಫೋನಿನಲ್ಲಿತ್ತು, ಹೊಸ ಫೋನಿನಲ್ಲಿ ತೆರೆಯಲು ಹನ್ನೆರಡು ಇಂಗ್ಲಿಷ್ ಪದಗಳ ಆ ಚೀಟಿ ಬೇಕೇ ಬೇಕು ಎಂದೆಯಲ್ಲ. ಅದನ್ನು ದೇವರ ಗೂಡಿನಲ್ಲಿಟ್ಟು, ಯಾರೂ ಓದಬಾರದು, ಯಾರ ಮುಂದೂ ಬಾಯಿ ಬಿಡಬಾರದು ಎಂದು ಹೇಳಿ ಹೋದವನು ನೀನೇ. ಅವ್ವ ಅದನ್ನು ಮಂತ್ರವೆಂದೇ ತಿಳಿದಳು. ಎಮ್ಮೆ ಈದ ಮೇಲೆ ಹಾಲು ಹಿಂಡಲು ಬಿಡದೆ ಒದೆಯುತ್ತಿತ್ತು. ಚೀಟಿಯನ್ನು ಸುತ್ತಿ ತಾಮ್ರದ ತಾಯಿತದೊಳಗೆ ತುರುಕಿ, ಬಾಯಿಗೆ ಮೇಣ ಮೆತ್ತಿ, ಎಮ್ಮೆಯ ಕೊರಳಿಗೆ ಕಟ್ಟಿಬಿಟ್ಟಿದ್ದಾಳೆ. ಬಿಚ್ಚೋಣವೆಂದರೆ ನನ್ನ ಮೇಲೇ ರೇಗುತ್ತಾಳೆ. “ಕಟ್ಟಿದಾಗಿಂದ ಒಂದಿನಾನೂ ಒದ್ದಿಲ್ಲ ನೋಡು. ನಾಳೆ ಒದ್ರ ನಿನ್ ಸರ್ಕಾರದವ್ರು ಬಂದು ಹಾಲು ಹಿಂಡ್ತಾರೇನು?” ಪಕ್ಕದ ಮನೆಯ ಗುರುಬಸಮ್ಮ ಬೇರೆ, ತನ್ನ ಆಕಳಿಗೂ ಅದೇ ಮಂತ್ರ ಬರೆಸಿಕೊಡೆಂದು ಗಂಟು ಬಿದ್ದಿದ್ದಾಳೆ. ಓದಬಾರದೆಂದು ಮಗ ಹೇಳಿದ್ದಾನೆಂದು ಅವ್ವ ಸದ್ಯಕ್ಕೆ ಕೊಟ್ಟಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅವ್ವ ನಿನಗೆ ಒಳ್ಳೆಯದಾಗಲಿ ಎಂದು ಹರಸಿದ್ದಾಳೆ, ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಹೇಳಿದ್ದಾಳೆ.

ನಿನ್ನ ತಂಗಿ,
ಮಾಲಾ

ಮರೆತಿದ್ದೆ: ನಿನ್ನೆ ಅವ್ವ ಸಂತೆಗೆ ಹೋದಾಗ ತಾಯಿತ ಬಿಚ್ಚಿದೆ. ಹನ್ನೆರಡು ಪದಗಳೂ ನೆಟ್ಟಗಿವೆ. ಅವು ಯಾರ ಕೈಗೆ ಸಿಕ್ಕರೆ ಕಾಯಿನ್ ಅವರದೇ ಆಗುತ್ತದಂತೆ. ಪತ್ರದಲ್ಲೂ ಫೋನಿನಲ್ಲೂ ಕಳಿಸಬೇಡವೆಂದು ಮೇಡಂ ಹೇಳಿದ್ದಾರೆ. ಮಿಷನ್ನಿನ ಡ್ರಾಯರಿನಲ್ಲಿಟ್ಟಿದ್ದೇನೆ. ಇಪ್ಪತ್ತೈದರೊಳಗೆ ನೀನೇ ಬಂದು ತೆಗೆದುಕೋ. ತಾಯಿತದಲ್ಲಿ ಈಗ ಇರುವುದು ಗುರುಬಸಮ್ಮನ ಜಂಪರಿನ ಅಳತೆ ಚೀಟಿ. ಇವತ್ತು ಬೆಳಿಗ್ಗೆಯೂ ಎಮ್ಮೆ ಒದೆಯಲಿಲ್ಲ. ಅವ್ವನಿಗೆ ಹೇಳಬೇಡ.