ಕಡಲು ತಂದ ಒಂಟಿ ಚಪ್ಪಲಿ

ಮಾರ್ಚ್ ೯, ಭಾನುವಾರ
ಕಡಲ ದಂಡೆಯಿಂದ

ಮರೀ,

ಹೇಗಿದ್ದೀಯಾ? ನಾವಿಬ್ಬರೂ ಗುಂಡುಕಲ್ಲಿನ ಹಾಗಿದ್ದೇವೆ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಪತ್ರ. ಹೊರಟ ದಿನವೇ ಬರೆಯಬೇಕಿತ್ತು, ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ತಪ್ಪು ನನ್ನದಲ್ಲ, ಈ ಮೋಟರ್‌ಹೋಮ್ ಎಂಬ ಚಕ್ರದ ಮನೆಯದು. ಇದರಲ್ಲಿ ಮೇಜು ಮಡಚಿದರೆ ಹಾಸಿಗೆ, ಹಾಸಿಗೆ ಎತ್ತಿದರೆ ಮೇಜು. ಊಟವಾದ ಕೂಡಲೇ ನಿನ್ನ ಅಮ್ಮ ಮೇಜನ್ನು ಹಾಸಿಗೆ ಮಾಡಿ ಅಡ್ಡಾಗಿಬಿಡುತ್ತಾಳೆ. ಇವತ್ತು ಅವಳು ದಂಡೆಗೆ ಹೋಗಿದ್ದಾಳೆ, ಮೇಜು ನನ್ನ ಪಾಲಿಗೆ ಬಂದಿದೆ.

ನಿನಗೆ ಕೋಪ ಇದೆ ಎಂದು ಗೊತ್ತು. ನಮ್ಮ ಮದುವೆಯಾಗಿ ನಲವತ್ತು ವರ್ಷವಾಯಿತೆಂದು ಈ ಪ್ರವಾಸವನ್ನು ನೀವು ಗಂಡ ಹೆಂಡತಿ ಇಬ್ಬರೂ ಕೂತು ಗೊತ್ತು ಮಾಡಿದ್ದು. ಅಷ್ಟರಲ್ಲಿ ನೀವೇ ಬೇರೆಯಾದಿರಿ. ನೀನು ಬರುವುದಿಲ್ಲ ಎಂದೆ. ಅವಳು ಮಾತ್ರ, "ಮಾತು ಕೊಟ್ಟಿದ್ದೆ ಮಾವ, ನಾನು ಓಡಿಸ್ತೀನಿ" ಎಂದು ಬಂದು ನಿಂತಳು. ನೀನು ಅವತ್ತು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಹೋಗಿ ಬನ್ನಿ. ಆದ್ರೆ ಕೋರ್ಟಲ್ಲಿ ಸಹಿ ಆದ್ಮೇಲೆ ಅವಳು ನಮ್ಮನೆ ಹೊಸಿಲು ತುಳೀಬಾರದು. ಅವಳು ಬಂದ್ರೆ ನಾನು ಬರಲ್ಲ." ಸಹಿ ಬರುವ ಶುಕ್ರವಾರ. ಅವಳನ್ನು ಸೊಸೆ ಎನ್ನಲು ನಮಗೆ ಉಳಿದಿರುವುದು ಈ ವಾರ ಮಾತ್ರ. ಆ ಪದ ಓದಿ ನಿನಗೆ ಮೈ ಉರಿಯುವುದು ಬೇಡ, ಈ ಪತ್ರದಲ್ಲಿ ಅವಳನ್ನು ಡ್ರೈವರಮ್ಮ ಎಂದೇ ಕರೆಯುತ್ತೇನೆ.

ಡ್ರೈವಿಂಗ್ ಕಲಿಸುವುದೇ ಅವಳ ಉದ್ಯೋಗ ಎಂದು ಗೊತ್ತಿತ್ತು. ಆದರೆ ಆ ಕೈ ಎಂಥದೆಂದು ಈಗಲೇ ನೋಡಿದ್ದು. ಮೊನ್ನೆ ದೋಣಿಗಳು ನಿಲ್ಲುವ ಕಡೆ ಒಂದು ಓಣಿಗೆ ನುಗ್ಗಿದ್ದೆವು. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಒಣಗಲು ಹಾಕಿದ ಬಲೆ. ಎದುರಿಗೆ ಮೀನಿನ ಲಾರಿ ಬಂತು. ಲಾರಿಯವನು ತಲೆ ಹೊರಗೆ ಹಾಕಿ, "ಅಕ್ಕಾ, ಗಾಡೀಲಿ ಗಂಡಸರು ಯಾರೂ ಇಲ್ವಾ?" ಎಂದ. ಇವಳು ನನ್ನ ಕಡೆ ಕೈ ತೋರಿಸಿ, "ಇದ್ದಾರಲ್ಲ, ಅವರಿಗೆ ಸೈಕಲ್ಲೂ ಬರಲ್ಲ" ಎಂದಳು. ಮಾನ ಹೋಯಿತು ಬಿಡು. ಆಮೇಲೆ ಈ ಆನೆಯಂಥ ಬಂಡಿಯನ್ನು ಓಣಿಯ ಬಾಯಿಯವರೆಗೂ ಹಿಂದಕ್ಕೆ ತಂದಳು, ಬಲೆಯ ಒಂದು ನೂಲೂ ಚಕ್ರಕ್ಕೆ ಸಿಗಲಿಲ್ಲ. ನಿನ್ನ ಅಮ್ಮ ಹಿಂದಿನ ಕಿಟಕಿಯಲ್ಲಿ ನಿಂತು, ಗೋಡೆ ಮೂಗಿಗೆ ತಾಗುವಷ್ಟು ಹತ್ತಿರ ಬಂದಾಗಲೂ, "ಬರಲಿ, ಬರಲಿ" ಎನ್ನುತ್ತಿದ್ದಳು. ದಾಟಿ ಹೋಗುವಾಗ ಲಾರಿಯವನು ಡ್ರೈವರಮ್ಮನಿಗೆ ಕೈ ಮುಗಿದ. ನನಗಂತೂ ಎದೆ ಉಬ್ಬಿತು.

ನಡುವೆ ಒಂದು ದೀಪಸ್ತಂಭ ಸಿಕ್ಕಿತು. ಅಮ್ಮನ ಮಂಡಿಗೆ ಆ ಮೆಟ್ಟಿಲು ಆಗದ ಮಾತು. ನಾನು ಅವಳ ನೆಪ ಹೇಳಿ ಕೆಳಗೇ ಕೂತೆ. ಡ್ರೈವರಮ್ಮ ಮೇಲೆ ಹತ್ತಿ, ಅಲ್ಲಿಂದ ಅಮ್ಮನಿಗೆ ಫೋನ್ ಮಾಡಿದಳು. "ಅತ್ತೆ, ನಿಮ್ಮ ಎಡಗಡೆ ನೋಡಿ, ಆ ಬಂಡೆ ಇದೆಯಲ್ಲಾ, ಅದರ ಆಚೆ ನೀರಿನ ಬಣ್ಣವೇ ಬೇರೆ. ಹೊಸ ಉಕ್ಕಿನ ಪಾತ್ರೆ ಥರ ಹೊಳೀತಿದೆ." ಹೀಗೆ ಸುತ್ತಲೂ ತಿರುಗಿ ಒಂದೊಂದನ್ನೇ ಹೇಳಿದಳು. ಅಮ್ಮ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತು ಎಲ್ಲಾ ನೋಡಿದಳು. ಈಗ ಕೇಳಿದರೆ, ತಾನೇ ಹತ್ತಿದ್ದೆ ಅನ್ನುತ್ತಾಳೆ.

ಬೆಳಿಗ್ಗೆ ಅಲೆ ಹಿಂದೆ ಸರಿದಾಗ ಮೂವರೂ ದಂಡೆಯಲ್ಲಿ ಹೆಕ್ಕಲು ಹೋಗುತ್ತೇವೆ. ಅಮ್ಮನಿಗೆ ಗಾಜಿನ ಚೂರಿನ ಹುಚ್ಚು. ಕಡಲು ಉಜ್ಜಿ ಉಜ್ಜಿ ಅಂಚೆಲ್ಲ ನುಣುಪಾಗಿರುತ್ತದೆ, ಕೈ ಕುಯ್ಯುವುದಿಲ್ಲ. ಡ್ರೈವರಮ್ಮ ಹಗ್ಗದ ತುಂಡು, ವಿಚಿತ್ರವಾಗಿ ತಿರುಚಿದ ಕಟ್ಟಿಗೆ ಆರಿಸುತ್ತಾಳೆ. ನಾನು? ನಲವತ್ತು ವರ್ಷ ಚಪ್ಪಲಿ ಅಂಗಡಿಯಲ್ಲಿ ಕೂತವನು ಇನ್ನೇನು ಹೆಕ್ಕಿಯಾನು? ಕಡಲು ಎಷ್ಟು ಚಪ್ಪಲಿ ತಂದು ಹಾಕುತ್ತದೆ ಗೊತ್ತಾ? ಎಲ್ಲಾ ಒಂಟಿ. ಒಂದಕ್ಕಾದರೂ ಜೋಡಿ ಹುಡುಕಿಯೇ ಮನೆಗೆ ಬರುವುದೆಂದು ನಾನು ಪಣ ತೊಟ್ಟಿದ್ದೆ. ಬಂಡಿಯ ಮೂಲೆಯಲ್ಲಿ ಚೀಲದ ತುಂಬ ಒಂಟಿ ಚಪ್ಪಲಿ ನೋಡಿ ಅಮ್ಮ, "ಅಂಗಡಿ ಮುಚ್ಚಿದ್ರೂ ಚಟ ಹೋಗಿಲ್ಲ" ಎಂದು ಗೊಣಗುತ್ತಾಳೆ.

ಇವತ್ತು ಬೆಳಿಗ್ಗೆ ದೂರದ ಬಂಡೆಯ ಹತ್ತಿರದಿಂದ ಡ್ರೈವರಮ್ಮ ಕೂಗಿಕೊಂಡು ಓಡಿಬಂದಳು: "ಮಾವಾ, ಜೋಡಿ ಸಿಕ್ತು!" ಕೈಯಲ್ಲಿ ನೀಲಿ ಚಪ್ಪಲಿ. ಮೊದಲ ದಿನ ನನಗೆ ಸಿಕ್ಕಿದ್ದು ಇದೇ ನೀಲಿ, ಇದೇ ಪಟ್ಟಿ, ಅಳತೆಯೂ ಇದೇ. ಬಂಡಿಯಿಂದ ಅದನ್ನು ತಂದು ಮರಳಿನ ಮೇಲೆ ಪಕ್ಕಪಕ್ಕ ಇಟ್ಟೆ. ಎರಡೂ ಎಡಗಾಲಿನವು.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಾ ನಗುತ್ತಾ ಮರಳಿನಲ್ಲೇ ಕೂತಳು. ಆಮೇಲೆ ಎರಡನ್ನೂ ಕೈಗೆತ್ತಿಕೊಂಡಳು.

"ಎರಡೂ ಚೆನ್ನಾಗೇ ಇದೆ, ಅಲ್ವಾ ಮಾವ?"

"ಚೆನ್ನಾಗೇ ಇದೆಯಮ್ಮ. ಪಟ್ಟಿ ಕಿತ್ತಿಲ್ಲ, ಅಟ್ಟೆ ಸವೆದಿಲ್ಲ."

"ಆದ್ರೂ ಹಾಕ್ಕೊಂಡು ನಡೆಯೋಕಾಗಲ್ಲ."

"ಆಗಲ್ಲ. ಅಂಗಡಿಗೂ ಒಂದೊಂದು ಸಲ ಡಬ್ಬದಲ್ಲಿ ಹೀಗೇ ಬರ್ತಿತ್ತು. ಚಪ್ಪಲಿದೇನೂ ತಪ್ಪಿರಲ್ಲ."

ಅವಳು ಸೆರಗಿನಿಂದ ಎರಡರ ಮರಳನ್ನೂ ಒರೆಸಿದಳು, ಒಂದರಷ್ಟೇ ಜೋಪಾನವಾಗಿ ಇನ್ನೊಂದನ್ನೂ. ಈ ಪ್ರವಾಸದಲ್ಲಿ ಅವಳ ಬಾಯಿಂದ ನಿನ್ನ ಬಗ್ಗೆ ಒಂದು ಕೆಟ್ಟ ಮಾತೂ ಬರಲಿಲ್ಲ, ಮರೀ. ನೀವು ಯಾಕೆ ಬೇರೆಯಾದಿರೆಂದು ನಾನು ಕೇಳಲೂ ಇಲ್ಲ. ನಿನ್ನನ್ನೂ ಕೇಳುವುದಿಲ್ಲ. ನೀನು ಎಂಥವನೆಂದು ನನಗೆ ಗೊತ್ತು, ನಿನ್ನ ಮೊದಲ ಬೂಟಿಗೆ ಅಳತೆ ತೆಗೆದವನು ನಾನು.

ನಾಳೆ ಹೊರಟು ಮನೆ ಸೇರುತ್ತೇವೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಮನಸ್ಸು ಕಹಿ ಮಾಡಿಕೊಳ್ಳಬೇಡ. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ, ರಾತ್ರಿ ನೆಮ್ಮದಿಯ ನಿದ್ದೆ ಬರಲಿ ಎಂದು ನಾವಿಬ್ಬರೂ ದಿನವೂ ಅಂದುಕೊಳ್ಳುತ್ತೇವೆ. ಅಮ್ಮ ನಿನಗೆಂದು ಹಸಿರು ಗಾಜಿನ ಚೂರೊಂದನ್ನು ತೆಗೆದಿಟ್ಟಿದ್ದಾಳೆ.

ಇಂತಿ,
ಸೈಕಲ್ಲೂ ಬಾರದ ನಿನ್ನ ಅಪ್ಪ

ಮರೆತ ಮಾತು (ಮನೆಯಿಂದ, ಮಂಗಳವಾರ): ಮರೆತದ್ದಲ್ಲ, ಪತ್ರ ಮುಗಿಸಿದ ಮೇಲೆ ನಡೆದದ್ದು. ನಿನ್ನೆ ಸಂಜೆ ಮನೆ ಮುಟ್ಟಿದೆವು. ಅವಳು ನಮ್ಮ ಚೀಲಗಳನ್ನೆಲ್ಲ ಹೊತ್ತು ತಂದಳು, ಆದರೆ ಹೊಸಿಲ ಹೊರಗೇ ನಿಂತು ಒಂದೊಂದಾಗಿ ಒಳಗೆ ದೂಡಿದಳು. ನಿನ್ನ ಮಾತು ಅವಳ ಕಿವಿಗೂ ಬಿದ್ದಿದೆ ಎಂದು ಆಗ ಗೊತ್ತಾಯಿತು. ಕೊನೆಗೆ, "ಹೋಗ್ತೀನಿ ಮಾವ" ಎಂದಳು. ಇಷ್ಟು ವರ್ಷ ನಮ್ಮ ಬಾಗಿಲಿಂದ ಹೊರಡುವಾಗ "ಬರ್ತೀನಿ" ಎಂದವಳು. ಅಮ್ಮ ಗಾಬರಿಯಾಗಿ, "ಹಾಗನ್ನಬಾರದು ಕಣೇ, ಬರ್ತೀನಿ ಅನ್ನು" ಎಂದಳು. ಅವಳು ಅನ್ನಲಿಲ್ಲ. ನನ್ನ ಮುಖ ನೋಡಿದಳು. ದಾರಿಯುದ್ದಕ್ಕೂ ಬಾಯಿ ಮುಚ್ಚದ ನಾನು, ನಿನ್ನನ್ನು ಕಳೆದುಕೊಳ್ಳುವ ಭಯಕ್ಕೆ ಅವಳ ಕಾಲು ನೋಡುತ್ತಾ ನಿಂತೆ. ಅವಳು ಹೊರಟುಹೋದಳು. ರಾತ್ರಿ ಅಮ್ಮ ನನಗೆ ಬೆನ್ನು ಹಾಕಿ ಮಲಗಿದಳು. ನನಗೆ ಹೆಣ್ಣುಮಗು ಇಲ್ಲ ಎಂದು ಈ ವಯಸ್ಸಿನಲ್ಲಿ ಮೊದಲ ಸಲ ಅಳು ಬಂತು.

ಬೆಳಿಗ್ಗೆ ಎದ್ದು ಫೋನ್ ಮಾಡಿ, "ಬರ್ತೀನಿ ಅಂತ ಹೇಳದೆ ಹೋಗಿದ್ದೀಯ, ಬಂದು ಹೇಳಿ ಹೋಗು" ಎಂದೆ. ಭಾನುವಾರ ಬರುತ್ತಾಳೆ. ಶುಕ್ರವಾರ ನೀವು ಸಹಿ ಮಾಡಿ, ನನ್ನ ಅಡ್ಡಿಯಿಲ್ಲ. ನೀನು ಶನಿವಾರ ಬಾ, ಇಲ್ಲಾ ಸೋಮವಾರ ಬಾ, ಬರದೆ ಮಾತ್ರ ಇರಬೇಡ. ಆ ನೀಲಿ ಚಪ್ಪಲಿಗಳನ್ನು ತೊಳೆದು ಬಾಗಿಲ ಪಕ್ಕದ ಸ್ಟ್ಯಾಂಡಿನಲ್ಲಿ ಇಟ್ಟಿದ್ದೇನೆ. ಒಂದು ಮೇಲಿನ ಹಲಗೆಯಲ್ಲಿದೆ, ಒಂದು ಕೆಳಗಿನ ಹಲಗೆಯಲ್ಲಿದೆ.